ಬಾಂಬೋಳಿ ಸ್ಟಾಪು

ಹನ್ನೊಂದು ವರ್ಷ ಆತು
ವಾಸ್ಕೋ-ಪಣಜಿ ಗಾಡ್ಯಾಗ ಬಾಗಲ ಹಿಡದು ನಿಂತು
ಚಿಕಾಳಿ, ದಾಬೋಳಿ, ಬಿರ್ಲಾ, ಕುಠ್ಠಾಳಿ ಅಂತ ಒದರಿ
ಸೇತುವಿ ದಾಟಿ, ಆಗಶಿ ದಾಟಿ
"ಬಾಂಬೋಳಿ, ಆಸ್ಪತ್ರಿ, ಬಾಂಬೋಳೀ" ಅಂದು
ಮಂದೀನ ಇಳಿಸಿ ಸೀಟಿ ಊದಿದಾವ ನಾನು.
ನಾ ಮಾತ್ರ ಅಲ್ಲಿ ಒಮ್ಮಿನೂ ಇಳಿದಿದ್ದಿಲ್ಲ.

ಅಳು ಬರತಿದ್ದಿಲ್ಲರಿ. ಬಂದಿದ್ರ ಗೊತ್ತರೆ ಆಗತಿತ್ತು.
ಹತ್ತರ ನೋಟು ಕೈಯಾಗ ಹಿಡಕೊಂಡು
ಇದು ಯಾರದು, ನನಗ್ಯಾಕ ಕೊಟ್ರು
ಅಂತ ನಿಂತಬಿಡತಿದ್ದೆ.
ದ್ಯಾಮವ್ವನ ಖಾರಬ್ಯಾಳಿ ಬರೇ ನೀರಾಗಿತ್ತು.
ಝುವಾರಿ ಸೇತುವಿ ಬಂತಂದ್ರ
ಬಾಗಲ ಬಿಟ್ಟು ಒಳಗ ಸರದು
ಎರಡೂ ಕೈಲೆ ಸರಳು ಹಿಡಕೊಂಡು ಕೂಡತಿದ್ದೆ,
ಕಣ್ಣು ಚಪ್ಪಲಿ ಮ್ಯಾಲ.

ಕಾಯ್ತಾನ ಇದನ್ನೆಲ್ಲಾ ಡ್ರೈವರ ಕನ್ನಡ್ಯಾಗ ನೋಡ್ಯಾನ.
ಒಂದಿನ ಬಾಂಬೋಳಿಯಾಗ ಇಂಜಿನ್ನೇ ಬಂದ್ ಮಾಡಿ
"ಯಮನೂರ, ದೆಂವ್" ಅಂದ. ಇಳಿ.
"ಇವತ್ತ ಸೀಟಿ ನಾನ ಊದತೀನಿ."

ಡಾಕ್ಟರು ಸಣ್ಣ ವಯಸ್ಸಿನಾಕಿ, ಕುಂಕಳ್ಳೇಕರ ಬಾಯಿ.
ನಾ ಹೇಳೂತನಕ ಪೆನ್ನು ಮುಟ್ಟಲಿಲ್ಲ.
ಆಮ್ಯಾಲ ಚೀಟಿ ಬರದ್ಲು: ಮೊದಲ ವಾರ ಅರ್ಧ ಗುಳಿಗಿ, ನಾಷ್ಟಾ ಆದಮ್ಯಾಲ.
"ಅರ್ಧ ಟಿಕೀಟು ಸಣ್ಣ ಹುಡುಗರಿಗೆ ಕೊಡೂದ್ರಿ" ಅಂದೆ.
"ನಿನ್ನ ಮನಸಿಗೆ ಈಗ ಐದು ವರ್ಷ ಅಂತ ತಿಳಕೋ" ಅಂದ್ಲು.

ಹೊಟ್ಟಿ ತೊಳಸತೈತಿ, ಬಾಯಿ ಒಣಗತೈತಿ, ಹೆದರಬ್ಯಾಡ.
ಗುಣ ಇವತ್ತೇ ಕಾಣಂಗಿಲ್ಲ, ಮೂರು ವಾರರೆ ಬೇಕು.
ಆದ್ರ ಈ ಮೊದಲಿನ ದಿವ್ಸದಾಗ
ಜೀವ ಚಡಪಡಿಸಿದ್ರ, ಆ ನೀರು ಮತ್ತ ಕರದ್ರ
ತಾರೀಖು ಕಾಯಬ್ಯಾಡ, ಅವತ್ತೇ ಬಾ.
(ನೀರಿನ ಮಾತು ನಾ ಆಡಿದ್ದಿಲ್ಲ.
ಆಕಿಗೆ ಹೆಂಗ ಗೊತ್ತಾತು?)
ಫೇಣಿ ಬ್ಯಾಡ. ಸೊಂಟನೋವಿಗೆ ಅಂಗಡ್ಯಾಗಿನ ಗುಳಿಗಿ
ನನ್ನ ಕೇಳದ ನುಂಗಬ್ಯಾಡ.
ಒಂದಿನ ಮರತ್ರ ಮರುದಿನ ಎರಡು ನುಂಗಬ್ಯಾಡ.
ಆರಾಮ ಆತು ಅನಿಸಿದ್ರೂ ನೀನಾಗೇ ಬಿಡಬ್ಯಾಡ.

ಐದನೇ ವಾರಕ್ಕ, ಒಬ್ಬಾಕಿ ಮಡಿಲಾಗಿನ ಕೋಳಿ
ಪೊಲೀಸನ ಟೊಪಿಗಿ ಮ್ಯಾಲ ಹಾರಿ ಕುಂತಾಗ
ನಾ ನಕ್ಕೆ.
ನಕ್ಕದ್ದು ಕೇಳಿ ನನಗ ಗಾಬರಿ ಆತು.

ಇನ್ನ ಸಾಂಜಾಂವ ಹಬ್ಬ.
ಕಾಯ್ತಾನನ ಬಾವ್ಯಾಗ ಹುಡುಗರು ಜಿಗೀತಿದ್ರು
ತಲಿಮ್ಯಾಲ ಬಳ್ಳಿ ಕಿರೀಟ ಸುತಗೊಂಡು.
ಎರಡು ಗ್ಲಾಸು ಇಳೀತು ನನಗೂ.
ಆರಾಮ ಅದೀನಲ್ಲ, ಇನ್ಯಾಕ ಗುಳಿಗಿ ಅಂತ
ಪಟ್ಟಿ ತಗದು ಮಾಡದಾಗ ಇಟ್ಟೆ.

ನಾಕನೇ ದಿನ ತಲಿಯಾಗ ಕರೆಂಟು.
ಕಣ್ಣು ಆಕಡಿ ಹೊಳ್ಳಿಸಿದ್ರ ಚಿಟ್ಟ್, ಈಕಡಿ ಹೊಳ್ಳಿಸಿದ್ರ ಚಿಟ್ಟ್.
ನಿಂತ ಬಸ್ಸು ಓಡತಿತ್ತು, ಓಡೋ ಬಸ್ಸು ತೇಲತಿತ್ತು.
ದ್ಯಾಮವ್ವಗ ಸುಮ್ಮಸುಮ್ಮನ ಬೈದೆ.
ಆಕಿ ಬೈಸಿಕೊಂತ ಮಾಡದಾಗಿನ ಪಟ್ಟಿ ಹುಡುಕಿದ್ಲು,
ಸೀರಿ ಬದಲಿಸದನ ಬಾಂಬೋಳಿತನಕ ನನ್ನ ಜತಿ ಬಂದ್ಲು.

ಡಾಕ್ಟರು ಸಿಟ್ಟಾಗಲಿಲ್ಲ.
"ದಿನಾ ನೂರು ಮಂದಿಗೆ ಏನು ಹೇಳತಿ ಬಾಗಲದಾಗ?"
ಗಾಡಿ ನಿಂದ್ರೂತನಕ ಇಳೀಬ್ಯಾಡ್ರಿ ಅಂತ ಹೇಳತೀನಿ.
"ಮತ್ತ ನೀ ಜಿಗದಿ."
ಇಳೀಬಾರದು ಅಂತಲ್ಲ ಯಮನೂರ,
ಇಳಿಯೂ ದಿವ್ಸ ಬಂದಾಗ ನಾ ಗೇರು ಇಳಸತೀನಿ
ಸಾವಕಾಶ, ತಿಂಗಳುಗಟ್ಟಲೆ. ಅಲ್ಲೀತನಕ ಕೂಡು.

ಈಗ ಪಟ್ಟಿ ಚಿಲ್ಲರ ಚೀಲದ ಒಳಗಿನ ಕಿಸೆದಾಗ ಇರತೈತಿ.
ಮೊನ್ನೆ ಸ್ಟ್ಯಾಂಡಿನ್ಯಾಗ ಕ್ಲೀನರ ಲಾಲಸಾಬ
"ನಿದ್ದಿ ಹತ್ತವಲ್ದು ಅಣ್ಣಾ, ಒಂದ ಕೊಡು" ಅಂದ.
ಕೈ ಕಿಸೆಕ್ಕ ಹೋಗಿತ್ತು ಖರೇನ.
ತಿರಗಿ ಬಂತು.
ನನ್ನ ಟಿಕೀಟಿನ ಮ್ಯಾಲ ನೀ ಹೆಂಗ ಹೋಗತಿ ತಮ್ಮಾ?
ಬಾಂಬೋಳಿಗೆ ಒಂದು ಹರದು ಕೊಟ್ಟೆ,
ರೊಕ್ಕ ನನ್ನ ಕಿಸೆದ್ದು.
ಹೋದ್ನೋ, ಆಗಶಿಯಾಗ ಇಳದ್ನೋ, ಇನ್ನೂ ಹೇಳಿಲ್ಲ ಆಂವ.

ಸೇತುವಿ ಬಂದ್ರ ಬಾಗಲದಾಗೇ ನಿಂದ್ರತೀನಿ.
ಗಾಳಿ ಐತಿ, ಕೆಳಗ ಬಾರ್ಜು ಹೊಂಟಾವು.
ಬಾಂಬೋಳಿಯಾಗ ಮಾತ್ರ
ಸೀಟಿ ತುಟಿಗೆ ಇಟ್ಟು ಎರಡು ಉಸಿರು ತಡೀತೀನಿ.
ಹಿಂದಿನ ಸೀಟಿನ್ಯಾಗ ಯಾರರೆ
ಏಳಲೋ ಬ್ಯಾಡೋ ಅಂತ
ಸರಳು ಹಿಡಕೊಂಡು ಕುಂತಿರತಾರ.